ಲೇಓವರ್‌ನಲ್ಲಿ ಕೆಲಸ ಮುಗಿಸೋಕೆ ಯಾವ ಲೌಂಜ್? ಕಲಬುರಗಿ, ಬೀದರ್, ಯಾದಗಿರಿಯಿಂದ ಹೊರಡುವವರಿಗೆ

ಏರ್‌ಪೋರ್ಟ್ ಲೌಂಜ್, ಅಂದರೆ ಬ್ಯಾಂಕ್ ಕಾರ್ಡ್ ತೋರಿಸಿ ಇಲ್ಲವೇ ದುಡ್ಡು ಕೊಟ್ಟು ಕೂರುವ ಕೋಣೆ, ಹೇಗಿತ್ತು ಅಂತ ಯಾರನ್ನು ಕೇಳಿದರೂ ಮೊದಲು ಬರೋದು ಊಟದ ಮಾತು. ಇಡ್ಲಿ ಬಿಸಿ ಇತ್ತು, ಬಿರಿಯಾನಿ ಪರವಾಗಿಲ್ಲ, ಕಾಫಿ ನೀರಾಗಿತ್ತು. ಹಸಿದು ಬಂದವರಿಗೆ ಇದೆಲ್ಲ ಬೇಕಾದ ಮಾಹಿತಿಯೇ. ಆದರೆ ಲೇಓವರ್‌ನಲ್ಲಿ, ಅಂದರೆ ಎರಡು ವಿಮಾನಗಳ ನಡುವೆ ಸಿಕ್ಕ ಮೂರ್ನಾಲ್ಕು ಗಂಟೆಯಲ್ಲಿ, ಒಂದು ರಿಪೋರ್ಟ್ ಬರೆದು ಕಳಿಸಬೇಕು, ಆಫೀಸಿನವರ ಜೊತೆ ಒಂದು ಕರೆ ಮುಗಿಸಬೇಕು ಅನ್ನುವವರು ಊಟ ನೋಡಿ ಲೌಂಜ್ ಆರಿಸಿದರೆ ಹೊಟ್ಟೆ ತುಂಬುತ್ತದೆ, ಕೆಲಸ ಹಾಗೇ ಉಳಿಯುತ್ತದೆ. ಕೆಲಸಕ್ಕೆ ಬೇಕಾಗಿರೋದು ಸರಿಯಾದ ಎತ್ತರದ ಮೇಜು, ಕೈಗೆ ಸಿಗುವ ಪ್ಲಗ್, ಕೈಕೊಡದ ಇಂಟರ್ನೆಟ್. ಈ ಮೂರೂ ಇರುವ ಸಾಧಾರಣ ಲೌಂಜೇ ನನ್ನ ಲೆಕ್ಕದಲ್ಲಿ ಒಳ್ಳೆಯ ಲೌಂಜ್.

ನಮ್ಮ ಕಡೆಯವರಿಗೆ ಈ ವಿಷಯ ಬೇರೆಯವರಿಗಿಂತ ಸ್ವಲ್ಪ ಜಾಸ್ತಿಯೇ ಬೇಕು. ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್‌ನಲ್ಲಿ ಶುರುವಾಯಿತು, ಬೀದರ್‌ನದು 2020ರ ಫೆಬ್ರುವರಿಯಲ್ಲಿ. ಬೆಂಗಳೂರಿನ ಎರಡನೇ ಟರ್ಮಿನಲ್‌ನಿಂದ 2023ರ ಜನವರಿ 15ರಂದು ಮೊಟ್ಟಮೊದಲು ಹಾರಿದ ವಿಮಾನ ಬಂದಿದ್ದೂ ನಮ್ಮ ಕಲಬುರಗಿಗೇ. ಆದರೂ ಎರಡೂ ಕಡೆ ಹಾರಾಟ ಒಮ್ಮೆ ಇರುತ್ತದೆ, ಒಮ್ಮೆ ನಿಲ್ಲುತ್ತದೆ. ಹಾಗಾಗಿ ಹೆಚ್ಚಿನವರು ಹಿಡಿಯೋದು ಹೈದರಾಬಾದಿನ ಶಂಶಾಬಾದ್ ದಾರಿಯನ್ನೇ. ಬೀದರ್‌ನವರು ಜಹೀರಾಬಾದ್, ಸಂಗಾರೆಡ್ಡಿ ದಾಟಿ ರಿಂಗ್ ರೋಡ್ ಸೇರುತ್ತಾರೆ. ಯಾದಗಿರಿಯವರು ಮೆಹಬೂಬ್‌ನಗರದ ಕಡೆಯಿಂದ ಹೋಗುತ್ತಾರೆ. ಕಲಬುರಗಿಯಿಂದ ಕಾರಿನಲ್ಲಿ ನಾಲ್ಕೂವರೆ, ಐದು ಗಂಟೆ. ದಾರಿಯಲ್ಲಿ ಟೈರ್ ಪಂಕ್ಚರ್ ಆದರೆ, ಲಾರಿ ಅಡ್ಡ ನಿಂತರೆ ಅಂತ ಎರಡು ಗಂಟೆ ಮುಂಚೆಯೇ ಮನೆ ಬಿಡುತ್ತೇವೆ. ಅಂದರೆ ನಮ್ಮ ಕಾಯುವಿಕೆ ಮೊದಲ ವಿಮಾನಕ್ಕೂ ಮುಂಚೆಯೇ ಶುರು.

ರೈಲಿನಲ್ಲಿ ಹೋಗುವವರದೂ ಇದೇ ಕಥೆ. 2024ರ ಮಾರ್ಚ್‌ನಲ್ಲಿ ಶುರುವಾದ ಕಲಬುರಗಿ–ಬೆಂಗಳೂರು ವಂದೇ ಭಾರತ್ ಯಲಹಂಕದಲ್ಲಿ ನಿಲ್ಲುತ್ತದೆ. ಅಲ್ಲಿ ಇಳಿದು ಕ್ಯಾಬ್ ಹಿಡಿದರೆ ಏರ್‌ಪೋರ್ಟ್ ಹತ್ತಿರ. ಬೆಂಗಳೂರು ಊರೊಳಗೆ ಹೋಗಿ ಮತ್ತೆ ವಾಪಸ್ ಬರೋದು ತಪ್ಪುತ್ತದೆ. ಆದರೆ ರೈಲು ಮಧ್ಯಾಹ್ನವೇ ತಲುಪುತ್ತದೆ, ವಿದೇಶಕ್ಕೆ ಹೋಗುವ ವಿಮಾನ ರಾತ್ರಿಯದಾದರೆ ಕೈಯಲ್ಲಿ ಅರ್ಧ ದಿನ ಉಳಿಯುತ್ತದೆ. ಇಲ್ಲೇ ಒಂದು ನಿಯಮ ಅಡ್ಡ ಬರುತ್ತದೆ. ತುಂಬಾ ಲೌಂಜ್‌ಗಳು ವಿಮಾನ ಹೊರಡುವ ಸುಮಾರು ಮೂರು ಗಂಟೆ ಮೊದಲಷ್ಟೇ ಒಳಗೆ ಬಿಡುತ್ತವೆ, ಬಿಟ್ಟ ಮೇಲೂ ಎರಡು ಇಲ್ಲವೇ ಮೂರು ಗಂಟೆ ಅಷ್ಟೇ. ಅದಕ್ಕೂ ಮೊದಲು ಚೆಕ್‌-ಇನ್ ಕೌಂಟರ್ ತೆರೆದಿರಬೇಕು, ಸೆಕ್ಯುರಿಟಿ ದಾಟಿರಬೇಕು. ಆದ್ದರಿಂದ ಬಹಳ ಮೊದಲೇ ಬಂದವರು ಆ ಅರ್ಧ ದಿನಕ್ಕೆ ಲೌಂಜನ್ನು ನಂಬಿಕೊಳ್ಳಬೇಡಿ. ಏರ್‌ಪೋರ್ಟ್ ಆವರಣದ ಕೆಫೆಯಲ್ಲಿ ಕೂತು ಕೆಲಸದ ಮೊದಲ ಭಾಗ ಮುಗಿಸಿ, ಪ್ಲಗ್ ಮತ್ತು ನಿಶ್ಶಬ್ದ ಬೇಕಾದ ಭಾಗವನ್ನು ಲೌಂಜಿಗೆ ಇಟ್ಟುಕೊಳ್ಳಿ.

ಮೊದಲು ಗಡಿಯಾರದ ಲೆಕ್ಕ ಹಾಕಿ

ಟಿಕೆಟ್‌ನಲ್ಲಿ ಮೂರು ಗಂಟೆ ಲೇಓವರ್ ಅಂತ ಇದ್ದರೆ ಮೂರು ಗಂಟೆ ಸಿಗುವುದಿಲ್ಲ. ವಿಮಾನ ನಿಂತು ಇಳಿದು ಬರೋದಕ್ಕೆ ಇಪ್ಪತ್ತು ನಿಮಿಷ. ಮತ್ತೊಂದು ಸೆಕ್ಯುರಿಟಿ ಸಾಲು, ನಡಿಗೆ ಎಲ್ಲ ಸೇರಿ ನಲವತ್ತು ನಿಮಿಷ. ದೇಶದೊಳಗಿನ ವಿಮಾನಗಳಿಗೆ ಸಾಮಾನ್ಯವಾಗಿ 25 ನಿಮಿಷ ಮೊದಲೇ ಗೇಟ್ ಮುಚ್ಚುತ್ತಾರೆ, ಅಲ್ಲಿಗೆ ನಡೆದುಹೋಗಲು ಇನ್ನೊಂದಿಪ್ಪತ್ತು ನಿಮಿಷ ಬೇಕು. ಕಳೆದರೆ ಉಳಿಯೋದು ಒಂದೂ ಕಾಲು ಗಂಟೆ. ಅದರಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತರೆ ಇನ್ನೆಷ್ಟು ಉಳಿಯುತ್ತದೆ ನೀವೇ ನೋಡಿ. ಎರಡು ಗಂಟೆಗಿಂತ ಕಡಿಮೆ ಲೇಓವರ್ ಇದ್ದರೆ ಲೌಂಜ್ ಹುಡುಕಿಕೊಂಡು ಓಡಾಡಬೇಡಿ. ನಿಮ್ಮ ಗೇಟಿನ ಹತ್ತಿರ ಹೋಗಿ, ಪಕ್ಕದ ಖಾಲಿ ಗೇಟಿನಲ್ಲಿ ಪ್ಲಗ್ ಇರುವ ಕುರ್ಚಿ ಹಿಡಿದು ಕೂತುಬಿಡಿ.

ಎರಡು ಬೇರೆ ಬೇರೆ ಟಿಕೆಟ್ ಮಾಡಿಸಿದ್ದರೆ ಲೆಕ್ಕ ಪೂರ್ತಿ ಬೇರೆ. ಲಗೇಜ್ ತಗೊಂಡು ಹೊರಗೆ ಬರಬೇಕು, ಮತ್ತೆ ಚೆಕ್‌-ಇನ್ ಮಾಡಬೇಕು. ವಿದೇಶದಲ್ಲಾದರೆ ಹೊರಗೆ ಬರೋದಕ್ಕೆ ವೀಸಾ ಕೂಡ ಬೇಕಾಗಬಹುದು. ಅಂಥ ಪ್ರಯಾಣದಲ್ಲಿ ಲೌಂಜ್‌ ಕೆಲಸವನ್ನು ಯೋಜನೆಯಿಂದಲೇ ತೆಗೆದುಬಿಡಿ.

ಆಮೇಲೆ ಟರ್ಮಿನಲ್ ನೋಡಿ. ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ನಿಂದ ಹೊರಡುತ್ತವೆ. ನೀವು ಒಂದನೇ ಟರ್ಮಿನಲ್‌ನಲ್ಲಿ ಇಳಿದು ದುಬೈಗೆ ಹೋಗುವವರಾದರೆ ಹೊರಗೆ ಬಂದು ಬಸ್ಸಿನಲ್ಲಿ ಆಚೆ ಹೋಗಬೇಕು. ಮುಂಬೈಯ ಎರಡು ಟರ್ಮಿನಲ್‌ಗಳ ನಡುವೆ ಊರಿನ ರಸ್ತೆಯಲ್ಲೇ ಹೋಗಬೇಕು. ದೆಹಲಿಯಲ್ಲಿ ಒಂದನೆಯದರಿಂದ ಮೂರನೆಯದಕ್ಕೆ ಕೂಡ ರಸ್ತೆಯೇ. ಲೌಂಜ್ ಆರಿಸಬೇಕಾದದ್ದು ನೀವು ಹೊರಡುವ ಟರ್ಮಿನಲ್‌ನಲ್ಲಿ, ಸೆಕ್ಯುರಿಟಿ ದಾಟಿದ ಮೇಲೆ, ವಿದೇಶ ಪ್ರಯಾಣವಾದರೆ ಇಮಿಗ್ರೇಷನ್ ಕೂಡ ದಾಟಿದ ಮೇಲೆ. ಸಾಲುಗಳೆಲ್ಲ ಹಿಂದೆ ಉಳಿದಾಗ ಮಾತ್ರ ತಲೆ ಕೆಲಸದ ಮೇಲೆ ನಿಲ್ಲುತ್ತದೆ. ದುಬೈಯಂಥ ದೊಡ್ಡ ಕಡೆ ಇಳಿಯುವ, ಹತ್ತುವ ಟರ್ಮಿನಲ್ ಒಂದೇ ಆದರೂ ಅದರೊಳಗೆ ಎ, ಬಿ, ಸಿ ಅಂತ ಗೇಟುಗಳ ಬೇರೆ ಬೇರೆ ವಿಭಾಗಗಳು, ಅಂದರೆ ಕಾನ್‌ಕೋರ್ಸ್‌ಗಳಿವೆ. ಬೋರ್ಡಿಂಗ್ ಪಾಸ್‌ನಲ್ಲಿ ಗೇಟಿನ ಮುಂದಿರುವ ಅಕ್ಷರ ನೋಡಿಕೊಂಡು ಆ ಕಡೆಯ ಲೌಂಜನ್ನೇ ಹಿಡಿಯಿರಿ.

ಕಾರ್ಡ್ ವಿಷಯ

ಇದನ್ನು ಮನೆಯಲ್ಲೇ ಮುಗಿಸಿ. ಲೌಂಜ್ ಬಾಗಿಲಲ್ಲಿ ನಿಂತು ಕಾರ್ಡ್ ನಡೆಯುತ್ತೋ ಇಲ್ಲವೋ ಅಂತ ನೋಡೋದು ಬೇಡ. ಈಗ ತುಂಬಾ ಬ್ಯಾಂಕುಗಳು ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿದ್ದರೆ ಮಾತ್ರ ಮುಂದಿನ ಮೂರು ತಿಂಗಳಿಗೆ ಲೌಂಜ್ ಅಂತ ಷರತ್ತು ಹಾಕಿವೆ. ಅಂದರೆ ಜನವರಿಯಿಂದ ಮಾರ್ಚ್‌ವರೆಗಿನ ಖರ್ಚು ಏಪ್ರಿಲ್‌ನಿಂದ ಜೂನ್‌ವರೆಗಿನ ಪ್ರವೇಶವನ್ನು ತೀರ್ಮಾನಿಸುತ್ತದೆ. ಕಾರ್ಡಿನ ಜೊತೆ ಬಂದಿದ್ದ ಹಳೇ ಕರಪತ್ರ ನಂಬಬೇಡಿ. ಭಾರತದ ಲೌಂಜ್‌ಗಳಿಗೆ ಬ್ಯಾಂಕುಗಳನ್ನು ಜೋಡಿಸುತ್ತಿದ್ದ ದೊಡ್ಡ ಕಂಪನಿ ಡ್ರೀಮ್‌ಫೋಕ್ಸ್ 2025ರ ಸೆಪ್ಟೆಂಬರ್‌ನಲ್ಲಿ ದೇಶದೊಳಗಿನ ಲೌಂಜ್ ಸೇವೆಯನ್ನೇ ನಿಲ್ಲಿಸಿತು. ಆಮೇಲೆ ಬ್ಯಾಂಕುಗಳು ಬೇರೆ ದಾರಿ ಹಿಡಿದಿವೆ. ಹೊರಡುವ ಹಿಂದಿನ ದಿನ ಬ್ಯಾಂಕಿನ ಆ್ಯಪ್‌ನಲ್ಲಿ ಒಮ್ಮೆ ನೋಡಿ, ಕೆಲವು ಕಾರ್ಡ್‌ಗಳಿಗೆ ಅಲ್ಲೇ ಕ್ಯೂಆರ್ ಕೋಡ್ ತೆಗೆದುಕೊಳ್ಳಬೇಕು. ಪ್ಲಾಸ್ಟಿಕ್ ಕಾರ್ಡ್ ಜೇಬಿನಲ್ಲೇ ಇರಲಿ, ಹೆಸರು ಬೋರ್ಡಿಂಗ್ ಪಾಸ್‌ಗೆ ಹೊಂದಲಿ. ಸ್ವೈಪ್ ಮಾಡಿದಾಗ ಎರಡು ರೂಪಾಯಿ ಕಡಿತವಾದರೆ ಗಾಬರಿ ಬೇಡ, ಕಾರ್ಡ್ ಚಾಲ್ತಿಯಲ್ಲಿದೆಯಾ ಅಂತ ನೋಡೋದಕ್ಕೆ ಅದು.

ದೇಶದೊಳಗಿನ ಕಾರ್ಡ್ ಸೌಲಭ್ಯ ದೋಹಾ, ದುಬೈನಲ್ಲಿ ನಡೆಯುತ್ತದೆ ಅಂದುಕೊಳ್ಳಬೇಡಿ. ಅಲ್ಲಿಗೆ ಪ್ರಯಾರಿಟಿ ಪಾಸ್‌ನಂಥ ಬೇರೆ ಸದಸ್ಯತ್ವ ಬೇಕಾಗುತ್ತದೆ. ದುಡ್ಡು ಕೊಟ್ಟು ಹೋಗೋದಾದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ಎರಡು ಗಂಟೆಯಲ್ಲಿ ಮುಗಿಯುವ ಕೆಲಸಕ್ಕೆ ಆ ಬೆಲೆ ಇದೆಯಾ? ಕ್ಲೈಂಟ್ ಕರೆ ಇದ್ದರೆ ಇದೆ. ಸುಮ್ನೆ ಇಮೇಲ್ ನೋಡೋದಕ್ಕಾದರೆ ಇಲ್ಲ.

ಬಾಗಿಲಲ್ಲಿ ಕೇಳಬೇಕಾದದ್ದು

ಬೆಂಗಳೂರಿನ 080 ಲೌಂಜ್ ಇರಲಿ, ಹೈದರಾಬಾದ್ ಮತ್ತು ದೆಹಲಿಯ ಎನ್‌ಕಾಮ್ ಇರಲಿ, ದುಬೈಯ ಮರ್ಹಬಾ, ದೋಹಾದ ಅಲ್ ಮಹಾ ಇರಲಿ, ಹೆಸರು ನೋಡಿ ನಿರ್ಧಾರ ಮಾಡಬೇಡಿ. ಒಂದೇ ಲೌಂಜ್ ಬೆಳಗ್ಗೆ ಆರಕ್ಕೆ ಸಂತೆಯ ಹಾಗಿರುತ್ತದೆ, ಹನ್ನೊಂದಕ್ಕೆ ಅರ್ಧ ಖಾಲಿ. ನಮ್ಮ ದೇಶದಿಂದ ಗಲ್ಫ್‌ಗೆ, ಯುರೋಪಿಗೆ ಹೋಗುವ ತುಂಬಾ ವಿಮಾನಗಳು ನಡುರಾತ್ರಿಯಿಂದ ನಸುಕಿನವರೆಗೆ ಹೊರಡುತ್ತವೆ. ಹಾಗಾಗಿ ಅಂತರರಾಷ್ಟ್ರೀಯ ಲೌಂಜ್‌ಗಳು ರಾತ್ರಿ ಹನ್ನೊಂದರಿಂದ ಮೂರರ ತನಕ ತುಂಬಿರುತ್ತವೆ. ದೇಶದೊಳಗಿನವು ಬೆಳಗಿನ ಮೊದಲ ವಿಮಾನಗಳ ಹೊತ್ತಿಗೆ.

ಕಾರ್ಡ್ ಸ್ವೈಪ್ ಮಾಡುವ ಮೊದಲು, ಮಾಡಿದ ಮೇಲಲ್ಲ, ಕೌಂಟರಿನವರನ್ನು ಕೇಳಿ: ಒಳಗೆ ಪ್ಲಗ್ ಇರುವ ಮೇಜು ಖಾಲಿ ಇದೆಯಾ? ಫೋನಿನಲ್ಲಿ ಮಾತಾಡೋದಕ್ಕೆ ಜಾಗ ಇದೆಯಾ? ಎಷ್ಟು ಹೊತ್ತು ಕೂರಬಹುದು? ಒಂದು ನಿಮಿಷ ಒಳಗೆ ನೋಡಿ ಬರಲಾ ಅಂತಲೂ ಕೇಳಿ, ಮರ್ಯಾದೆಯಿಂದ ಕೇಳಿದರೆ ಬಿಡುವವರಿದ್ದಾರೆ. ಒಮ್ಮೆ ಸ್ವೈಪ್ ಆಯಿತು ಅಂದರೆ ಆ ಮೂರು ತಿಂಗಳ ಲೆಕ್ಕದಲ್ಲಿ ಒಂದು ಪ್ರವೇಶ ಹೋಯಿತು, ಒಳಗೆ ಜಾಗ ಇಲ್ಲದಿದ್ದರೂ.

ಕೂರುವ ಜಾಗ

ಎಲ್ಲಕ್ಕಿಂತ ಮುಖ್ಯ ಇದು. ಲೌಂಜಿಗೆ ಕಾಲಿಟ್ಟ ತಕ್ಷಣ ಕಣ್ಣಿಗೆ ಬೀಳೋದು ದೊಡ್ಡ ಮೆತ್ತನೆ ಸೋಫಾ. ಮೈ ನೋಯುತ್ತಿರುತ್ತದೆ, ಕೂತುಬಿಡೋಣ ಅನಿಸುತ್ತದೆ. ಆ ಸೋಫಾದ ಮುಂದಿರುವ ಟೀಪಾಯಿ ಮೊಣಕಾಲಿಗಿಂತ ಕೆಳಗಿರುತ್ತದೆ. ಲ್ಯಾಪ್‌ಟಾಪ್ ಅಲ್ಲಿಟ್ಟರೆ ಬೆನ್ನು ಬಿಲ್ಲಾಗುತ್ತದೆ, ತೊಡೆ ಮೇಲಿಟ್ಟರೆ ಕತ್ತು ಬಗ್ಗುತ್ತದೆ, ಕೆಳಗಿನಿಂದ ಬಿಸಿ. ಅರ್ಧ ಗಂಟೆಯಲ್ಲಿ ಏಳಲೇಬೇಕಾಗುತ್ತದೆ. ಸೋಫಾ ನಿದ್ದೆಗೆ ಒಳ್ಳೇದು.

ಟೈಪ್ ಮಾಡೋದಿದ್ದರೆ ಊಟದ ಮೇಜೇ ಬೆಸ್ಟ್. ಮೊಣಕೈ ಸರಿಯಾದ ಎತ್ತರದಲ್ಲಿ ಬರುತ್ತದೆ, ಕುರ್ಚಿಗೆ ನೆಟ್ಟಗಿನ ಬೆನ್ನಿರುತ್ತದೆ. ಬೆಳಗಿನ ತಿಂಡಿ, ಮಧ್ಯಾಹ್ನದ ಊಟದ ನಡುವಿನ ಹೊತ್ತಿನಲ್ಲಿ ಅಲ್ಲಿ ಯಾರೂ ನಿಮ್ಮನ್ನು ಎಬ್ಬಿಸುವುದಿಲ್ಲ. ಊಟದ ಹೊತ್ತಿನಲ್ಲಾದರೆ ಅಲ್ಲಿ ಲ್ಯಾಪ್‌ಟಾಪ್ ಹರಡಿಕೊಂಡು ಕೂರೋದು ಸರಿಯಲ್ಲ, ತಟ್ಟೆ ಹಿಡಿದು ನಿಂತ ಹಿರಿಯರಿಗೆ ಜಾಗ ಬಿಡಿ. ಕೆಲವು ಕಡೆ ಕಿಟಕಿ ಪಕ್ಕ ಉದ್ದಕ್ಕೆ ಎತ್ತರದ ಕಟ್ಟೆಯಂಥ ಮೇಜು, ಎತ್ತರದ ಸ್ಟೂಲ್ ಇರುತ್ತವೆ. ಪ್ಲಗ್‌ಗಳು ಹೆಚ್ಚಾಗಿ ಅಲ್ಲೇ. ಒಂದು ಗಂಟೆಯ ಕೆಲಸಕ್ಕೆ ಸಾಕು. ಅದಕ್ಕಿಂತ ಜಾಸ್ತಿಯಾದರೆ ಕಾಲು ಜೋಮು ಹಿಡಿಯುತ್ತದೆ.

ಕಾಫಿ ಯಂತ್ರದಿಂದ ದೂರ ಕೂತುಕೊಳ್ಳಿ. ಅದು ಪ್ರತಿ ಕಪ್‌ಗೂ ಬೀಜ ಅರೆಯುತ್ತದೆ, ಆ ಗರಗರ ಸದ್ದು ನಿಮಗೆ ಅಭ್ಯಾಸವಾದರೂ ಕರೆಯಲ್ಲಿ ಆಚೆ ಇರುವವರಿಗೆ ಆಗುವುದಿಲ್ಲ. ಟಿವಿ ಕೆಳಗೂ ಬೇಡ, ಮ್ಯಾಚ್ ಇದ್ದ ದಿನ ಅಂತೂ ಬೇಡವೇ ಬೇಡ. ಬೆನ್ನಿಗೆ ಗೋಡೆ ಇರುವ ಜಾಗ ಸಿಕ್ಕರೆ ಬಿಡಬೇಡಿ. ಪರದೆ ಮೇಲೆ ಯಾರದೋ ಸಂಬಳದ ಪಟ್ಟಿ, ರೋಗಿಯ ರಿಪೋರ್ಟ್, ಟೆಂಡರ್ ಮೊತ್ತ ಇರುತ್ತದೆ. ಹಿಂದೆ ಕೂತವರಿಗೆ ಅದು ಕಾಣಬಾರದು ಅಲ್ವಾ.

ಕೂರುವ ಮೊದಲೇ ಪ್ಲಗ್ ಪರೀಕ್ಷೆ ಮಾಡಿ. ಚಾರ್ಜರ್ ಚುಚ್ಚಿ, ಲ್ಯಾಪ್‌ಟಾಪ್ ಮೇಲಿನ ಚಿಕ್ಕ ದೀಪ ಹತ್ತಿತಾ ನೋಡಿ, ಕೈ ಬಿಟ್ಟು ಮತ್ತೊಮ್ಮೆ ನೋಡಿ. ಜಾಸ್ತಿ ಬಳಸಿದ ಸಾಕೆಟ್‌ಗಳು ಸಡಿಲವಾಗಿರುತ್ತವೆ. ಗೋಡೆಯಿಂದ ಭಾರದ ಅಡಾಪ್ಟರ್ ಮೆಲ್ಲಗೆ ಜಾರಿ, ದೀಪ ಆರಿರುತ್ತದೆ, ಬ್ಯಾಟರಿ ಹತ್ತು ಪರ್ಸೆಂಟ್‌ಗೆ ಬಂದಾಗಲೇ ಗೊತ್ತಾಗೋದು. ಅಡಾಪ್ಟರ್ ನೆಲದ ಮೇಲೆ ಕೂರುವಷ್ಟು ಉದ್ದದ ವೈರ್ ಇದ್ದರೆ ಈ ತಾಪತ್ರಯ ಇಲ್ಲ. ದುಬೈ, ದೋಹಾ, ಸಿಂಗಾಪುರದಲ್ಲಿ ಚೌಕ ಮೂರು ಪಿನ್ನಿನ ಸಾಕೆಟ್, ನಮ್ಮ ದುಂಡು ಪಿನ್ ಹೋಗುವುದಿಲ್ಲ. ಎಲ್ಲ ದೇಶಕ್ಕೂ ಆಗುವ ಒಂದು ಅಡಾಪ್ಟರ್ ಇಟ್ಟುಕೊಳ್ಳಿ. ಅಮೆರಿಕದಲ್ಲಿ ವೋಲ್ಟೇಜ್ ಕೂಡ ಕಡಿಮೆ, 120. ಆದರೆ ನಿಮ್ಮ ಚಾರ್ಜರ್ ಮೇಲೆ 100–240 ಅಂತ ಅಚ್ಚಾಗಿದ್ದರೆ ಪಿನ್ ಬದಲಾಯಿಸಿದರೆ ಸಾಕು.

ಪವರ್ ಬ್ಯಾಂಕ್ ಇದೆಯಲ್ಲ ಅಂತ ನಿಶ್ಚಿಂತೆಯಿಂದ ಇರಬೇಡಿ. ಅದು ಕೈಚೀಲದಲ್ಲೇ ಇರಬೇಕು, ಚೆಕ್‌-ಇನ್ ಲಗೇಜಿನಲ್ಲಿ ಹಾಕುವಂತಿಲ್ಲ. 100 ವ್ಯಾಟ್-ಅವರ್ ಒಳಗಿರಬೇಕು, ಸಾಮಾನ್ಯ 20,000 ಎಂಎಎಚ್‌ನದು ಸುಮಾರು 74 ಆಗುತ್ತದೆ. ಎಮಿರೇಟ್ಸ್ 2025ರ ಅಕ್ಟೋಬರ್ 1ರಿಂದ ವಿಮಾನದೊಳಗೆ ಪವರ್ ಬ್ಯಾಂಕ್ ಬಳಸೋದನ್ನೇ ನಿಲ್ಲಿಸಿದೆ. ಹಾಗಾಗಿ ಲ್ಯಾಪ್‌ಟಾಪ್, ಫೋನ್ ಎರಡನ್ನೂ ಲೌಂಜಿನಲ್ಲೇ ಪೂರ್ತಿ ತುಂಬಿಸಿಕೊಳ್ಳಿ.

ಇಂಟರ್ನೆಟ್ ಮತ್ತು ಕರೆ

ವೈ-ಫೈ ಇದೆ ಅನ್ನೋದಕ್ಕೂ ವೈ-ಫೈ ನಡೆಯುತ್ತದೆ ಅನ್ನೋದಕ್ಕೂ ವ್ಯತ್ಯಾಸ ಇದೆ. ಕೂತ ತಕ್ಷಣ ಸ್ಪೀಡ್ ಟೆಸ್ಟ್ ಮಾಡಿ, ಅಪ್‌ಲೋಡ್ ಅಂಕಿ ನೋಡಿ. ಎಲ್ಲರೂ ಡೌನ್‌ಲೋಡ್ ನೋಡಿ ಖುಷಿಪಡುತ್ತಾರೆ, ಆದರೆ ನಿಮ್ಮ ಮುಖ, ನಿಮ್ಮ ಧ್ವನಿ, ನಿಮ್ಮ ಫೈಲ್ ಹೋಗೋದು ಅಪ್‌ಲೋಡ್‌ನಲ್ಲಿ. ಇಬ್ಬರ ನಡುವಿನ ಚೆನ್ನಾಗಿ ಕಾಣುವ ಝೂಮ್ ವಿಡಿಯೊ ಕರೆಗೆ ಎರಡೂ ಕಡೆಗೆ ಸುಮಾರು 1.2 ಎಂಬಿಪಿಎಸ್ ಸಾಕು, ಬರೀ ಧ್ವನಿಗೆ ಅದರ ಹತ್ತನೇ ಒಂದು ಭಾಗವೂ ಬೇಡ. ಬೀದರ್‌ನಿಂದ ಬಿದ್ರಿ ಸಾಮಾನಿನ ಫೋಟೊಗಳನ್ನು ಹೊರದೇಶದ ಖರೀದಿದಾರರಿಗೆ ಕಳಿಸುವವರು, ದೊಡ್ಡ ಡ್ರಾಯಿಂಗ್ ಫೈಲ್ ಕಳಿಸುವ ಎಂಜಿನಿಯರ್‌ಗಳು ಅದಕ್ಕಿಂತ ಜಾಸ್ತಿ ಇಟ್ಟುಕೊಂಡಿರಬೇಕು. ಅಪ್‌ಲೋಡ್ ಚೆನ್ನಾಗಿಲ್ಲದಿದ್ದರೆ ವೈ-ಫೈ ಬಿಟ್ಟು ಫೋನಿನ ಹಾಟ್‌ಸ್ಪಾಟ್ ಹಾಕಿ. ಜನ ತುಂಬಿದ ಲೌಂಜಿನಲ್ಲಿ ಎಷ್ಟೋ ಸಲ ಅದೇ ಚೆನ್ನಾಗಿ ನಡೆಯುತ್ತದೆ.

ಆಫೀಸಿನ ನೆಟ್‌ವರ್ಕ್‌ಗೆ ಸುರಕ್ಷಿತವಾಗಿ ಸೇರಿಸುವ ವಿಪಿಎನ್ ಆನ್ ಇದ್ದರೆ ವೈ-ಫೈನ ಲಾಗಿನ್ ಪುಟ ಎಷ್ಟೋ ಸಲ ತೆರೆಯುವುದೇ ಇಲ್ಲ. ಮೊದಲು ವಿಪಿಎನ್ ಆಫ್ ಮಾಡಿ, ಲಾಗಿನ್ ಆಗಿ, ಆಮೇಲೆ ಆನ್ ಮಾಡಿ. ಏರ್‌ಪೋರ್ಟಿನ ಸಾರ್ವಜನಿಕ ವೈ-ಫೈಗೆ ಮೊಬೈಲ್‌ಗೆ ಒಟಿಪಿ ಬರಬೇಕು, ಲೌಂಜ್‌ನದಕ್ಕೆ ಹೆಚ್ಚಾಗಿ ಕೌಂಟರಿನಲ್ಲೇ ಪಾಸ್‌ವರ್ಡ್ ಕೊಡುತ್ತಾರೆ. ವಿದೇಶದಲ್ಲಿ ನಿಮ್ಮ ಸಿಮ್ ರೋಮಿಂಗ್‌ನಲ್ಲಿ ಇಲ್ಲದಿದ್ದರೆ ಬ್ಯಾಂಕಿನ ಒಟಿಪಿಯೂ ಬರುವುದಿಲ್ಲ, ಆಫೀಸಿನ ಲಾಗಿನ್ ಕೋಡೂ ಬರುವುದಿಲ್ಲ. ಹೊರಡುವ ಮೊದಲೇ ರೋಮಿಂಗ್ ಹಾಕಿಸಿ. ಬೇಕಾದ ಫೈಲ್‌ಗಳನ್ನು ಮನೆಯ ವೈ-ಫೈನಲ್ಲೇ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಿ.

ಕರೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ಲೌಂಜ್ ಟೈಪ್ ಮಾಡುವ ಜಾಗ, ಮಾತಾಡುವ ಜಾಗ ಅಲ್ಲ. ಫೋನ್ ಬೂತ್ ಇದ್ದರೆ ಒಳ್ಳೇದು, ಇಲ್ಲದಿದ್ದರೆ ಹೊರಗೆ ವಿಮಾನ ಇಲ್ಲದ ಖಾಲಿ ಗೇಟು ಹುಡುಕಿ ಅಲ್ಲಿ ಕರೆ ಮುಗಿಸಿ. ಒಂದು ಸಲ ಹೊರಗೆ ಹೋದರೆ ಮತ್ತೆ ಒಳಗೆ ಬಿಡುತ್ತಾರಾ ಅಂತ ಮೊದಲೇ ಕೇಳಿಕೊಳ್ಳಿ, ಬಿಡುವುದಿಲ್ಲ ಅಂದರೆ ಕರೆ ಮೊದಲು, ಲೌಂಜ್ ಆಮೇಲೆ. ಕರೆಗೂ ಮುಂಚೆ ಇಯರ್‌ಫೋನ್ ಹಾಕಿಕೊಂಡು ಹತ್ತು ಸೆಕೆಂಡ್ ನಿಮ್ಮ ಧ್ವನಿ ರೆಕಾರ್ಡ್ ಮಾಡಿ ಕೇಳಿ. ಹಿಂದಿನ ಸದ್ದು ಎಷ್ಟು ಕೇಳುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಮನೆಗೆ ಮಾತಾಡುವಾಗ ಸ್ಪೀಕರ್ ಹಾಕಬೇಡಿ ದಯವಿಟ್ಟು. ನಮ್ಮ ಕಡೆ ಪ್ರೀತಿ ಜಾಸ್ತಿ ಇದ್ದಷ್ಟು ಧ್ವನಿಯೂ ಜಾಸ್ತಿ, ಪಕ್ಕದಲ್ಲಿ ಯಾರೋ ಪರೀಕ್ಷೆಗೆ ಓದುತ್ತಿರಬಹುದು.

ದುಬೈ, ಅಬುಧಾಬಿ ಮೂಲಕ ಹೋಗುವವರು ಒಂದು ಮಾತು ನೆನಪಿಡಿ. ಅಲ್ಲಿ ವಾಟ್ಸ್‌ಆ್ಯಪ್ ಮೆಸೇಜ್ ಹೋಗುತ್ತದೆ, ಕರೆ ಹೋಗುವುದಿಲ್ಲ. ಝೂಮ್, ಟೀಮ್ಸ್‌ನಂಥವಕ್ಕೆ ಅನುಮತಿ ಇದೆ, ಹಾಗಾಗಿ ಕರೆಯ ಲಿಂಕ್ ಅದರಲ್ಲೇ ಮಾಡಿಸಿಕೊಳ್ಳಿ. ಸಮಯವೂ ಬೇರೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ದೋಹಾ ಎರಡೂವರೆ ಗಂಟೆ. ಇಲ್ಲಿನ ಹತ್ತು ಗಂಟೆಯ ಮೀಟಿಂಗ್ ದುಬೈನಲ್ಲಿ ಎಂಟೂವರೆಗೇ ಬರುತ್ತದೆ. ಫೋನ್ ತಾನೇ ಗಡಿಯಾರ ಬದಲಿಸಿಕೊಂಡಿರುತ್ತದೆ, ನಿಮ್ಮ ತಲೆಯಲ್ಲಿ ಮಾತ್ರ ಊರಿನ ಸಮಯ ಓಡುತ್ತಿರುತ್ತದೆ.

ಲೌಂಜಿನ ಮುಂದೆ ಉದ್ದ ಸಾಲಿದ್ದರೆ ಹತ್ತು ನಿಮಿಷಕ್ಕಿಂತ ಹೆಚ್ಚು ಕಾಯಬೇಡಿ. ಬ್ಯಾಗಿನಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿ ಇದ್ದರೆ ಊಟದ ಚಿಂತೆ ಹೇಗೂ ಇಲ್ಲ. ಗೇಟಿನ ಹತ್ತಿರದ ಪ್ಲಗ್ ಹಿಡಿಯಿರಿ. ಆರೇಳು ಗಂಟೆಗಿಂತ ಜಾಸ್ತಿ ಲೇಓವರ್ ಇದ್ದು ನಿದ್ದೆಯೂ ಬೇಕು, ಕೆಲಸವೂ ಆಗಬೇಕು ಅಂದರೆ ಗಂಟೆ ಲೆಕ್ಕದ ಟ್ರಾನ್ಸಿಟ್ ಹೋಟೆಲ್ ಕೋಣೆ ವಿಚಾರಿಸಿ. ಬೆಂಗಳೂರಿನ ಎರಡನೇ ಟರ್ಮಿನಲ್‌ನಲ್ಲೂ ಅಂಥದ್ದಿದೆ. ಎರಡು ಸಲ ಲೌಂಜಿಗೆ ದುಡ್ಡು ಕಟ್ಟೋದಕ್ಕಿಂತ ಬಾಗಿಲು ಹಾಕಿಕೊಳ್ಳುವ ಕೋಣೆ ಲೇಸು.

ಕೊನೆಗೆ ಹೊರಡುವ ಹೊತ್ತು. ಈಗ ಬೆಂಗಳೂರು ಸೇರಿ ತುಂಬಾ ಏರ್‌ಪೋರ್ಟ್‌ಗಳಲ್ಲಿ ಬೋರ್ಡಿಂಗ್ ಅನೌನ್ಸ್‌ಮೆಂಟ್ ಮಾಡುವುದಿಲ್ಲ, ಪರದೆ ನೋಡಿಯೇ ತಿಳಿದುಕೊಳ್ಳಬೇಕು. ಕೆಲಸದಲ್ಲಿ ಮುಳುಗಿದವರಿಗೆ ಪರದೆ ಕಾಣುವುದಿಲ್ಲ. ಕೂತ ತಕ್ಷಣ ಫೋನಿನಲ್ಲಿ ಎರಡು ಅಲಾರಂ ಇಡಿ, ಒಂದು ಕೆಲಸ ಉಳಿಸಿ ಕಳಿಸೋದಕ್ಕೆ, ಹದಿನೈದು ನಿಮಿಷ ಬಿಟ್ಟು ಇನ್ನೊಂದು ಎದ್ದು ನಡೆಯೋದಕ್ಕೆ. ಗೇಟ್ ನಂಬರ್ ಬದಲಾಗಿದೆಯಾ ಅಂತ ಮೊದಲನೇ ಅಲಾರಂಗೇ ನೋಡಿ. ಎದ್ದಾಗ ಮೊದಲು ಗೋಡೆಯ ಚಾರ್ಜರ್ ತೆಗೆಯಿರಿ, ಲ್ಯಾಪ್‌ಟಾಪ್ ಆಮೇಲೆ.